ಹಳೇ ಔಟ್‌ಬೋರ್ಡ್ ಮೋಟರ್‌ಗೆ ಟೈಮಿಂಗ್ ಕೂರಿಸುವುದು ಹೇಗೆ?

ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟರ್ ಹಗ್ಗ ಎಳೆದು ಎಳೆದು ರಟ್ಟೆ ಸೋತರೂ ಸ್ಟಾರ್ಟ್ ಆಗುವುದಿಲ್ಲ. ಒಮ್ಮೊಮ್ಮೆ ಹಗ್ಗವನ್ನೇ ಕೈಯಿಂದ ಕಿತ್ತುಕೊಳ್ಳುವ ಹಾಗೆ ಹಿಂದಕ್ಕೆ ಒದೆಯುತ್ತದೆ. ಆಗ ಬಹಳ ಜನ ಕೈ ಹಾಕುವುದು ಕಾರ್ಬ್ಯುರೇಟರ್‌ಗೆ. ಚೆನ್ನಾಗಿದ್ದದ್ದನ್ನು ಬಿಚ್ಚಿ ಕೆಡಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಷ್ಟೋ ಸಲ ತೊಂದರೆ ಇರುವುದು ಮೋಟರ್‌ನ ತಲೆಯ ಮೇಲಿನ ಭಾರದ ಚಕ್ರದ, ಅಂದರೆ ಫ್ಲೈವೀಲ್‌ನ ಕೆಳಗೆ, ಪಾಯಿಂಟ್ ಎಂಬ ತೆರೆದು ಮುಚ್ಚುವ ಪುಟ್ಟ ಸ್ವಿಚ್‌ನ ಅರ್ಧ ಮಿಲಿಮೀಟರ್ ಸಂದಿನಲ್ಲಿ.

ಇದು ಪಾಯಿಂಟ್ ಮತ್ತು ಮ್ಯಾಗ್ನೆಟೋ (ಅಯಸ್ಕಾಂತದಿಂದ ಕಿಡಿಯ ಕರೆಂಟ್ ಹುಟ್ಟಿಸುವ ವ್ಯವಸ್ಥೆ) ಇರುವ ಎರಡು ಸಿಲಿಂಡರ್ ಮೋಟರ್‌ನ ಮಾತು, ಸಿಲಿಂಡರ್‌ಗೊಂದು ಪಾಯಿಂಟ್. ಪಾಯಿಂಟ್ ತೆರೆದ ಕ್ಷಣವೇ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ, ಆ ಕ್ಷಣವನ್ನು ಸರಿಯಾಗಿ ಹೊಂದಿಸುವುದೇ ಟೈಮಿಂಗ್. ಸಂದು ಜಾಸ್ತಿಯಾದರೆ ಕಿಡಿ ಬೇಗ ಬರುತ್ತದೆ, ಕಮ್ಮಿಯಾದರೆ ತಡವಾಗುತ್ತದೆ. ತಡವಾದರೆ ಎಳೆತ ಕಮ್ಮಿ, ಬಿಸಿ ಜಾಸ್ತಿ. ತೀರಾ ಬೇಗ ಬಂದರೆ ಪಿಸ್ಟನ್ನೇ ತೂತಾಗಬಹುದು.

ಪ್ಲಗ್ ಎರಡನ್ನೂ ಬಿಚ್ಚಿ, ಸ್ಟಾರ್ಟರ್ ಎತ್ತಿಡಿ, ಫ್ಲೈವೀಲ್ ನಟ್ ತೆಗೆಯಿರಿ. ಫ್ಲೈವೀಲ್ ಎತ್ತಲು ನಡುವಿನ ಮೂರು ತೂತಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರ್ ಮಾತ್ರ ಬಳಸಿ. ಅಂಚಿಗೆ ಕೊಕ್ಕೆ ಹಾಕುವ ಪುಲ್ಲರ್ ಚಕ್ರವನ್ನು ಸೊಟ್ಟ ಮಾಡುತ್ತದೆ. ಸುತ್ತಿಗೆಯಂತೂ ಬೇಡವೇ ಬೇಡ. ಫ್ಲೈವೀಲನ್ನು ಕ್ರ್ಯಾಂಕ್ (ತಿರುಗುವ ಅಚ್ಚು) ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಪುಟ್ಟ ಲೋಹದ ತುಂಡು, ಅಂದರೆ ಕೀ, ಒಮ್ಮೆ ಕಣ್ಣಿಟ್ಟು ನೋಡಿ. ಅದು ಸ್ವಲ್ಪ ಸವೆದು ವಾಲಿದ್ದರೂ ಪಾಯಿಂಟ್ ಎಷ್ಟು ಸರಿಯಿದ್ದರೂ ಟೈಮಿಂಗ್ ತಪ್ಪುತ್ತದೆ. ಹೊಸದು ಹಾಕಿ.

ಈಗ ಪಾಯಿಂಟ್. ಎರಡು ಮುಖಗಳನ್ನು ಬೆಳಕಿಗೆ ಹಿಡಿದು ನೋಡಿ. ಹಳೇ ಪಾಯಿಂಟ್‌ನಲ್ಲಿ ಒಂದು ಕಡೆ ಪುಟ್ಟ ಗುಳಿ, ಎದುರು ಕಡೆ ಅದಕ್ಕೆ ಸರಿಯಾಗಿ ಒಂದು ಗುಬುಟು ಇರುತ್ತದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಆ ಗುಬುಟಿನ ಮೇಲೆ ಕೂತು ಅಳೆಯುತ್ತದೆ, ಗುಳಿಯ ಆಳ ಅದಕ್ಕೆ ಸಿಗುವುದಿಲ್ಲ. ಅಳತೆ ಸರಿ ಅನಿಸುತ್ತದೆ, ನಿಜವಾದ ಸಂದು ಜಾಸ್ತಿಯೇ ಇರುತ್ತದೆ. ಉಜ್ಜಿ ಸರಿಮಾಡುವುದಕ್ಕಿಂತ ಹೊಸ ಪಾಯಿಂಟ್ ಹಾಕುವುದೇ ಒಳ್ಳೆಯದು. ಅಗ್ಗದ ಪಾಯಿಂಟ್ ಮಾತ್ರ ತರಬೇಡಿ, ಅವುಗಳ ಸ್ಪ್ರಿಂಗ್ ಮೆತ್ತಗಿದ್ದರೆ ವೇಗಕ್ಕೆ ಪಾಯಿಂಟ್ ಸರಿಯಾಗಿ ಮುಚ್ಚುವುದೇ ಇಲ್ಲ.

ಕ್ರ್ಯಾಂಕ್ ಅನ್ನು ಪ್ರದಕ್ಷಿಣವಾಗಿ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ನೀರಿನ ಪಂಪ್‌ನ ರಬ್ಬರ್ ರೆಕ್ಕೆ ಮಡಚಿಕೊಳ್ಳುತ್ತದೆ. ಪಾಯಿಂಟ್‌ನ ಕಾಲು ಕ್ಯಾಮ್‌ನ (ಕ್ರ್ಯಾಂಕ್ ಜೊತೆ ತಿರುಗಿ ಪಾಯಿಂಟ್ ತೆರೆಯುವ ಭಾಗ) ಉಬ್ಬಿನ ನೆತ್ತಿಗೆ ಬರಲಿ. ಹಳೇ ಜಾನ್ಸನ್, ಎವಿನ್‌ರೂಡ್ ಮೋಟರ್‌ಗಳಲ್ಲಿ ಬಹುಪಾಲಿಗೆ ಸಂದು 0.020 ಇಂಚು, ಅಂದರೆ ಸುಮಾರು 0.5 ಮಿಲಿಮೀಟರ್. ನಿಮ್ಮ ಮೋಟರ್‌ನ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಗೇಜ್ ಸಣ್ಣಗೆ ತಡೆದಂತಾಗಿ ಜಾರಬೇಕು, ಪಾಯಿಂಟ್‌ನ ತೋಳು ಅಲುಗಬಾರದು.

ಎಲ್ಲರೂ ಕೆಡಿಸುವುದು ಇಲ್ಲೇ. ಗೇಜ್ ಹಿಡಿದು ಸಂದು ಹೊಂದಿಸಿ ತಿರುಪು ಬಿಗಿಮಾಡುತ್ತೀರಿ. ಕೊನೆಯ ಕಾಲು ಸುತ್ತಿನಲ್ಲಿ ಪಾಯಿಂಟ್‌ನ ತಳ ತಿರುಪಿನ ಜೊತೆ ಕೂದಲೆಳೆಯಷ್ಟು ತಿರುಗುತ್ತದೆ, ಸಂದು ಬದಲಾಗುತ್ತದೆ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ತಪ್ಪಿದ್ದರೆ ಎಷ್ಟು ಜರುಗಿತು ನೋಡಿಕೊಂಡು, ಮುಂದಿನ ಸಲ ಅಷ್ಟನ್ನು ಮೊದಲೇ ಬಿಟ್ಟು ಬಿಗಿಮಾಡಿ. ಮೂರು ನಾಲ್ಕು ಸಲ ಆಗುತ್ತದೆ, ಬೇಸರ ಬೇಡ. ಗೇಜ್‌ಗೆ ಎಣ್ಣೆ ಅಂಟಿರುತ್ತದೆ ಅಲ್ವಾ? ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಿಳಿ ಕಾಗದದ ಪಟ್ಟಿಯನ್ನು ಪಾಯಿಂಟ್ ನಡುವೆ ಎಳೆಯಿರಿ, ಕಪ್ಪು ಗೆರೆ ಬರುವುದು ನಿಲ್ಲುವ ತನಕ.

ಗೇಜ್ ಒಂದನ್ನೇ ನಂಬಬೇಡಿ. ಕಾಯಿಲ್ (ಕಿಡಿಯ ಕರೆಂಟ್ ಕೊಡುವ ತಂತಿಯ ಸುರುಳಿ) ಮತ್ತು ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಬಿಡಿಭಾಗ) ವೈರ್ ಎರಡನ್ನೂ ಪಾಯಿಂಟ್‌ನಿಂದ ಬಿಚ್ಚಿ, ಮಲ್ಟಿಮೀಟರನ್ನು ಸಂಪರ್ಕ ಇದ್ದರೆ ಬೀಪ್ ಮಾಡುವ ಸೆಟ್ಟಿಂಗ್‌ಗೆ ಇಟ್ಟು ಒಂದು ತುದಿ ಪಾಯಿಂಟ್‌ಗೆ, ಇನ್ನೊಂದು ಬಾಡಿಗೆ ಹಿಡಿಯಿರಿ. ಕಾಯಿಲ್ ವೈರ್ ಬಿಚ್ಚದಿದ್ದರೆ ಪಾಯಿಂಟ್ ತೆರೆದಿದ್ದರೂ ಬೀಪ್ ಬರುತ್ತಲೇ ಇರುತ್ತದೆ. ಟೈಮಿಂಗ್ ಗುರುತು ಇರುವ ಮೋಟರ್ ಆದರೆ ಫ್ಲೈವೀಲ್ ಕೂರಿಸಿ, ಕೈಪಿಡಿ ಹೇಳಿದಷ್ಟು ಥ್ರಾಟಲ್ ಕೊಟ್ಟು, ನಿಧಾನ ತಿರುಗಿಸಿ. ಗುರುತುಗಳು ಸೇರುವಾಗಲೇ ಬೀಪ್ ನಿಲ್ಲಬೇಕು. ಎರಡನೇ ಪಾಯಿಂಟ್‌ಗೆ ಸರಿಯಾಗಿ ಅರ್ಧ ಸುತ್ತಿನ ನಂತರ. ಎರಡಕ್ಕೂ ವ್ಯತ್ಯಾಸ ಇದ್ದರೆ ಮೋಟರ್ ಐಡಲ್‌ನಲ್ಲಿ ನಡುಗುತ್ತದೆ.

ವೈರ್‌ಗಳನ್ನು ಮತ್ತೆ ಸೇರಿಸಿ. ಕ್ಯಾಮ್‌ಗೆ ತಾಗುವ ಫೆಲ್ಟ್‌ಗೆ ಒಂದೇ ಹನಿ ಎಣ್ಣೆ. ಫ್ಲೈವೀಲ್ ಕೂರುವ ಕಡೆ ಮಾತ್ರ ಒರೆಸಿ ಒಣಗಿಸಿ, ಗ್ರೀಸ್ ಹಾಕಬೇಡಿ. ನಟ್ ಅನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಮಾಡಿ. ಸುಮ್ನೆ ಕೈ ಅಂದಾಜಿಗೆ ಬಿಗಿದದ್ದು ಸಡಿಲವಾದರೆ ಕೀ ಕತ್ತರಿಸಿಹೋಗುತ್ತದೆ.

ಮೋಟರನ್ನು ನೀರಿಲ್ಲದೆ ಓಡಿಸಬೇಡಿ. ನೀರಿನ ತೊಟ್ಟಿಯಲ್ಲಿ ನೀರು ಎಳೆಯುವ ರಂಧ್ರ ಮುಳುಗುವಷ್ಟು ಇಳಿಸಿ ಸ್ಟಾರ್ಟ್ ಮಾಡಿ. ಐಡಲ್ ಸಮವಾಗಿ ಬಂದ ಮೇಲೆ ದೋಣಿಗೆ ಕಟ್ಟಿ ನೀರಿಗಿಳಿಸಿ. ಥ್ರಾಟಲ್ ಜಾಸ್ತಿ ಮಾಡಿದಾಗ ಒಳಗಿಂದ ಕಟಕಟ ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಎರಡೂ ಪಾಯಿಂಟ್ ಮತ್ತೆ ಅಳೆಯಿರಿ.