ಬೇಲಿ ಎಲೆ ಹಿಡಿದ ಧೂಳು

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿಯಿತು ಅಂದರೆ ನಮ್ಮ ಮಲೆನಾಡಲ್ಲೂ ಧೂಳಿನ ಕಾಲ ಶುರು. ಹಳ್ಳಿ ಕಡೆ ಕೆಮ್ಮಣ್ಣಿನ ಧೂಳು, ಶಿವಮೊಗ್ಗದ ಬಿ.ಎಚ್. ರಸ್ತೆಯಂಥ ಕಡೆ ಅದರ ಜೊತೆಗೆ ಬಸ್ಸು ಲಾರಿಗಳ ಮಸಿ. ಬೆಳಿಗ್ಗೆ ಒರೆಸಿದ ಕಿಟಕಿ ಸರಳು ಸಂಜೆಗೆ ಮತ್ತೆ ಬೆರಳಿಗೆ ಹತ್ತುತ್ತದೆ. ರಸ್ತೆ ಬದಿ ಮನೆ ಮಾಡಿದವರೆಲ್ಲ ಕೇಳುವುದು ಒಂದೇ, ಯಾವ ಗಿಡ ನೆಡಬೇಕು ಅಂತ. ಹೇಳುತ್ತೇನೆ. ಆದರೆ ನೆಟ್ಟರೆ ಅರ್ಧ ಕೆಲಸ ಅಷ್ಟೇ. ಎಲೆ ಹಿಡಿದ ಧೂಳಿಗೆ ಆಮೇಲೆ ಏನು ಗತಿ ಕಾಣಿಸುತ್ತೀರಿ ಅನ್ನುವುದು ಉಳಿದರ್ಧ.

ಮೊದಲು ಒಂದು ಸೆಲ್ಲೋ ಟೇಪು ತಗೊಳ್ಳಿ. ರಸ್ತೆ ಕಡೆ ಇರುವ ಪೇರಲೆ ಎಲೆಯ ಮೇಲೆ ಒಂದು ತುಂಡು ಒತ್ತಿ, ಮೆಲ್ಲಗೆ ಕಿತ್ತು ಬಿಳಿ ಹಾಳೆಗೆ ಅಂಟಿಸಿ. ನರಗಳು ತಗ್ಗಾಗಿರುವ ಜಾಗದಲ್ಲೆಲ್ಲ ಧೂಳು ಗೆರೆ ಎಳೆದ ಹಾಗೆ ಕೂತಿರುತ್ತದೆ. ಪಕ್ಕದಲ್ಲೇ ಯಾವುದಾದರೂ ನುಣುಪು ಎಲೆಯದ್ದೂ ಹೀಗೇ ಅಂಟಿಸಿ ನೋಡಿ. ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ನರ ಎದ್ದು ಕಾಣುವ, ಮೇಲ್ಮೈ ಒರಟಾದ, ಸಣ್ಣ ರೋಮ ಇರುವ ಎಲೆಗಳು ಧೂಳನ್ನು ಬಿಗಿಯಾಗಿ ಹಿಡಿಯುತ್ತವೆ. ನುಣುಪು ಎಲೆ ಮೇಲಿನದು ಸಣ್ಣ ಗಾಳಿಗೂ ಜಾರಿಬಿಡುತ್ತದೆ.

ಟೇಪಿನಲ್ಲಿ ಕಣ್ಣಿಗೆ ಬೀಳುವುದು ದಪ್ಪ ಧೂಳು ಮಾತ್ರ. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪೇಪರಿನಲ್ಲಿ ಪಿಎಂ 10, ಪಿಎಂ 2.5 ಅಂತ ಬರುತ್ತದಲ್ವಾ, ಅವು ಗಾಳಿಯಲ್ಲಿ ತೇಲುವ, 10 ಮತ್ತು 2.5 ಮೈಕ್ರಾನ್ ಇಲ್ಲವೇ ಅದಕ್ಕಿಂತ ಸಣ್ಣ ಕಣಗಳು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಈ 2.5ರದ್ದೇ. ಭಾರದ ಕಣ ತಾನಾಗಿ ಎಲೆ ಮೇಲೆ ಬೀಳುತ್ತದೆ. ಅದಕ್ಕಿಂತ ಹಗುರದ್ದು ಗಾಳಿ ಜೊತೆ ಬರುತ್ತದೆ. ಗಾಳಿಯೇನೋ ಎಲೆಯನ್ನು ಬಳಸಿಕೊಂಡು ಹೋಗುತ್ತದೆ, ಕಣಕ್ಕೆ ಅಷ್ಟು ಬೇಗ ತಿರುಗಲು ಆಗದೆ ಎಲೆಗೇ ಬಡಿಯುತ್ತದೆ. ತೀರಾ ಸಣ್ಣದು ಗೊತ್ತುಗುರಿ ಇಲ್ಲದೆ ಅಲೆದಾಡಿ ತಾಗುತ್ತದೆ. ತಾಗಿದ್ದರಲ್ಲಿ ಸ್ವಲ್ಪ ಎಲೆಯ ಮೇಣದೊಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಮಳೆಯೂ ಪೂರ್ತಿ ತೊಳೆಯಲಾರದು.

ಹಾಗಾಗಿ ಬೇಲಿಗೆ ದಾಸವಾಳ, ಲಕ್ಕಿ ಹಾಕಿ. ಜಾಗ ಇದ್ದರೆ ಹಿಂದೆ ಒಂದು ರಂಜೆ, ಒಂದು ಮಾವು ಇರಲಿ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಹಾಲವಾಣ, ಸಾಗುವಾನಿ ಈ ಕೆಲಸಕ್ಕೆ ಬೇಡ. ಧೂಳು ಜಾಸ್ತಿ ಇರುವ ತಿಂಗಳಲ್ಲೇ ಅವು ಬೋಳು. ಬೇಲಿ ಬುಡದಿಂದಲೇ ಒತ್ತಾಗಿರಬೇಕು. ಬುಡ ಬೋಳಾಗಿ ಮೇಲೆ ಕೊಡೆ ಬಿಚ್ಚಿದ ಮರದ ಕೆಳಗೆ ಹೊಗೆ ಆರಾಮಾಗಿ ನುಗ್ಗಿ ಬರುತ್ತದೆ, ಗಾಡಿಯ ಹೊಗೆ ಬಿಡುವ ಕೊಳವೆ ಇರುವುದೇ ಮೊಣಕಾಲೆತ್ತರದಲ್ಲಿ. ಇನ್ನು ಎರಡೂ ಕಡೆ ಕಟ್ಟಡ ಇರುವ ಇಕ್ಕಟ್ಟು ಓಣಿಯಲ್ಲಿ ಮರದ ಕೊಂಬೆಗಳು ಮೇಲೆ ಕೂಡಿಕೊಂಡರೆ ಹೊಗೆ ಹೊರಗೆ ಹೋಗದೆ ಕೆಳಗೇ ನಿಲ್ಲುತ್ತದೆ. ಅಂಥ ಕಡೆ ಕೊಂಬೆ ಸವರಿ ಆಕಾಶ ಕಾಣಿಸುವ ಹಾಗೆ ಮಾಡಿ. ಧೂಳೆಲ್ಲ ಅದೇ ಹಿಡಿಯುತ್ತದೆ ಅಂತ ಮನೆಯೊಳಗೆ ಮನಿ ಪ್ಲಾಂಟ್ ಇಟ್ಟು ಕಸ ಗುಡಿಸುವುದು ಬಿಡುವವರಿಗೆ ನಾನು ಏನೂ ಹೇಳಲ್ಲ.

ಈಗ ಎಲೆ ಆರೈಕೆ. ಎಲೆ ಕಾಲೊರಸಿನ ಹಾಗೆ, ಆಗಾಗ ಕೊಡವದಿದ್ದರೆ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಕೂತ ಧೂಳು ಗಾಳಿಗೆ ಮತ್ತೆ ಏಳುತ್ತದೆ, ಮನೆಗೇ ಬರುತ್ತದೆ. ಮಳೆಗಾಲದಲ್ಲಿ ಈ ಚಿಂತೆ ಇಲ್ಲ, ಆಕಾಶವೇ ತೊಳೆಯುತ್ತದೆ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಪೈಪು ಹಿಡಿದು ಬೇಲಿ ತೊಳೆಯಿರಿ. ಮೇಲಿಂದ ಕೆಳಕ್ಕೆ, ಎಲೆ ಅಡಿಗೂ ನೀರು ತಾಗಬೇಕು. ಬೆಳಿಗ್ಗೆಯೇ ಮಾಡಿ. ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದರೆ ರೋಗ ಬರುತ್ತದೆ. ನೀರಿಗೆ ತತ್ವಾರ ಇದ್ದರೆ ರಸ್ತೆ ಕಡೆಯ ಮುಖವಾದರೂ ತೊಳೆಯಿರಿ. ಹೊಳಪು ಬರಲಿ ಅಂತ ಎಲೆಗೆ ಕೊಬ್ಬರಿ ಎಣ್ಣೆ ಸವರುವ ಚಟ ಕೆಲವರಿಗಿದೆ. ದಯವಿಟ್ಟು ಬೇಡ. ಎಲೆ ಉಸಿರಾಡುವ ರಂಧ್ರ ಮುಚ್ಚುತ್ತದೆ, ಅಂಟಿದ ಧೂಳು ಆಮೇಲೆ ನೀರಿಗೂ ಬಿಡುವುದಿಲ್ಲ.

ತಿನ್ನುವ ಸೊಪ್ಪು ಈ ಬೇಲಿಯ ಹತ್ತಿರ ಬೇಡವೇ ಬೇಡ. ದೊಡ್ಡಪತ್ರೆ ಎಲೆ ತುಂಬ ರೋಮ, ಧೂಳು ಹಿಡಿಯುವುದರಲ್ಲಿ ಎತ್ತಿದ ಕೈ. ತಂಬುಳಿಗೆ ಬೇಕಾದ್ದನ್ನು ಹಿತ್ತಿಲಲ್ಲಿ ಬೆಳೆಯಿರಿ. ಕೊಯ್ದದ್ದನ್ನು ನಲ್ಲಿ ಕೆಳಗೆ ಹಿಡಿದರೆ ಸಾಲದು. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಆಡಿಸಿ, ಸೊಪ್ಪನ್ನು ಮೇಲೆತ್ತಿ, ಆಮೇಲೆ ನೀರು ಚೆಲ್ಲಿ. ತಳದಲ್ಲಿ ಮಣ್ಣು ಕಾಣದಿರುವವರೆಗೂ ನೀರು ಬದಲಿಸಿ. ಕರಿಬೇವಿಗೂ ಇದೇ. ಹಾಗೆಯೇ ಮಾಡಿನ, ಅಂದರೆ ಚಾವಣಿಯ, ನೀರು ಹಿಡಿಯುವವರು ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡಬೇಡಿ. ಮಾಡಿನದ್ದು, ಮೇಲೆ ಬಾಗಿದ ಮರದ್ದು, ಬೇಸಿಗೆಯ ಧೂಳೆಲ್ಲ ಅದರಲ್ಲೇ ಇಳಿದು ಬರುತ್ತದೆ. ಆ ದಿನ ಮರದ ಕೆಳಗೆ ಬಟ್ಟೆಯನ್ನೂ ಒಣಹಾಕಬೇಡಿ.

ನನಗೆ ಸಿಟ್ಟು ಬರುವುದು ದರಗೆಲೆಗೆ ಬೆಂಕಿ ಇಡುವವರನ್ನು ಕಂಡರೆ. ತಿಂಗಳುಗಟ್ಟಲೆ ಎಲೆ ಹಿಡಿದಿಟ್ಟದ್ದನ್ನು ಒಂದು ಬೆಂಕಿಕಡ್ಡಿಯಲ್ಲಿ ಗಾಳಿಗೆ ವಾಪಸ್ ಕೊಡುತ್ತಾರೆ. ಜೊತೆಗೆ ಎಲೆ ಸುಟ್ಟ ಹೊಗೆಯ ಸಣ್ಣ ಕಣಗಳು ಬೇರೆ. ಅಡಿಕೆ ಸುಲಿದ ಸಿಪ್ಪೆ ರಾಶಿಗೂ ಇದೇ ಮಾತು. ಗುಡಿಸುವ ಮೊದಲು ಎಲೆ ಮೇಲೆ ಒಂದಿಷ್ಟು ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ರಸ್ತೆ ಬದಿಯ ದರಗನ್ನು ತರಕಾರಿ ಪಾತಿಗೆ ಹಾಕಬೇಡಿ, ಟೈರು ಬ್ರೇಕು ಸವೆದ ಪುಡಿ ಅದರಲ್ಲಿರುತ್ತದೆ. ಅದು ಬೇಲಿ ಬುಡದಲ್ಲೇ ಕೊಳೆಯಲಿ. ಹಿತ್ತಿಲಿನದ್ದನ್ನು ಕೊಟ್ಟಿಗೆಗೆ ಹಾಸಿ, ಇಲ್ಲವೇ ಗೊಬ್ಬರದ ಗುಂಡಿಗೆ ಹಾಕಿ ಮೇಲೊಂದು ಪದರ ಸಗಣಿ ನೀರು ಹೊಯ್ಯಿರಿ.