ಬಿಸಿ ಟವೆಲ್ ರಾಡ್ ತರುವ ಮುಂಚೆ ಅರ್ಥಿಂಗ್ ನೋಡಿ

ನಮ್ಮ ಚಿಕ್ಕಬಳ್ಳಾಪುರದಲ್ಲಿ ಹೊಸ ಮನೆ ಕಟ್ಟುವವರು ಬಾತ್‌ರೂಮ್ ಅಂದರೆ ಈಗ ಕೈ ಬಿಚ್ಚಿ ಖರ್ಚು ಮಾಡುತ್ತಾರೆ. ಗೋಡೆಗೆ ನೇತು ಹಾಕುವ ಕಮೋಡು ಆಯಿತು, ದೊಡ್ಡ ತಟ್ಟೆಯಂಥ ಶವರ್ ಆಯಿತು, ಈಗ ಕರೆಂಟಿನಲ್ಲಿ ಬಿಸಿಯಾಗುವ ಟವೆಲ್ ರಾಡ್ ಬಂದಿದೆ. "ಯಾವುದು ತಗೊಳ್ಳೋದು ಅಕ್ಕ, ಕ್ರೋಮ್ ಹೊಳಪಿನದ್ದಾ, ಕಪ್ಪು ಬಣ್ಣದ್ದಾ?" ಅಂತ ಕೇಳುತ್ತಾರೆ. ನಾನು ಕೇಳುವುದು ಒಂದೇ. ನಿಮ್ಮ ಮನೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಹೇಗಿದೆ?

ಅದಕ್ಕೂ ಮುಂಚೆ, ನಿಮಗೆ ಇದು ಬೇಕಾ ನೋಡಿಕೊಳ್ಳಿ. ನಮ್ಮದು ಒಣ ಸೀಮೆ. ಫೆಬ್ರವರಿ ದಾಟಿದರೆ ಮಹಡಿ ಮೇಲೆ ಹಾಕಿದ ಟವೆಲ್ ತಿಂಡಿ ಮುಗಿಯುವಷ್ಟರಲ್ಲಿ ಗರಿಗರಿ ಆಗಿರುತ್ತದೆ. ಬಿಸಿಲಿಗಿಂತ ಒಳ್ಳೆಯ ಯಂತ್ರ ಯಾವುದೂ ಇಲ್ಲ, ಬಿಲ್ಲೂ ಬರುವುದಿಲ್ಲ. ಕಷ್ಟ ಇರುವುದು ಸೋನೆ ಮಳೆ ಹಿಡಿದ ವಾರಗಳಲ್ಲಿ, ಆಮೇಲೆ ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರ್, ಜನವರಿಯಲ್ಲಿ. ಆಗ ದಪ್ಪ ಟರ್ಕಿ ಟವೆಲ್ ಎರಡು ದಿನವಾದರೂ ತಣ್ಣಗೇ ಇರುತ್ತದೆ, ಮುಗ್ಗಲು ವಾಸನೆ ಬೇರೆ. ಮನೆಯಲ್ಲಿ ವಯಸ್ಸಾದವರು, ಬಾಣಂತಿ, ಮಗು ಇದ್ದರೆ, ಇಲ್ಲವೇ ಬಟ್ಟೆ ಹಾಕಲು ಜಾಗವಿಲ್ಲದ ಫ್ಲ್ಯಾಟಿನಲ್ಲಿದ್ದರೆ ತಗೊಳ್ಳಿ. ತೆಳು ಹತ್ತಿ ಟವೆಲ್ ಬಳಸುವ ಮನೆಗೆ ಸುಮ್ನೆ ದಂಡ. ಇದು ಬಾತ್‌ರೂಮನ್ನೇ ಬೆಚ್ಚಗೆ ಮಾಡುತ್ತದೆ ಅಂತಲೂ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 50ರಿಂದ 150 ವ್ಯಾಟ್ ಇರುವ ವಸ್ತು. ಟವೆಲ್ ಒಣಗಿಸುತ್ತದೆ, ಅಷ್ಟೇ.

ಈಗ ಅರ್ಥಿಂಗ್ ವಿಷಯ. ಒದ್ದೆ ಮೈ, ಬರಿಗಾಲು, ಕೈಯಲ್ಲಿ ಲೋಹದ ರಾಡ್. ಒಳಗೆ ಎಲ್ಲೋ ಕರೆಂಟು ಸೋರಿದರೆ ಅದು ಅರ್ಥ್ ವೈರಿನಲ್ಲಿ ಹೋಗಬೇಕು, ಇಲ್ಲದಿದ್ದರೆ ನಮ್ಮ ಮೈಯಲ್ಲಿ ಹೋಗುತ್ತದೆ. ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ವೈರ್ ಇದ್ದರೂ ಇನ್ನೊಂದು ತಾಪತ್ರಯ. ಚಿಕ್ಕಬಳ್ಳಾಪುರ, ಕೋಲಾರದ ನೆಲ ಬಹಳ ಕಡೆ ಕಲ್ಲು. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಮುಚ್ಚಿದವರು ಆಮೇಲೆ ಅದನ್ನು ಮರೆತೇಬಿಡುತ್ತಾರೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಕರೆಂಟು ನೆಲಕ್ಕೆ ಸರಿಯಾಗಿ ಇಳಿಯುವುದಿಲ್ಲ. ಆಗಾಗ ಒಂದೆರಡು ಕೊಡ ನೀರು ಹಾಕಿಸಿ. ಗುಂಡಿ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಟ್ಟವರನ್ನೂ ನೋಡಿದ್ದೇನೆ, ಅಂಥವರಿಗೆ ಏನು ಹೇಳೋದು!

ಎಲೆಕ್ಟ್ರಿಷಿಯನ್ ಬಂದಾಗ ಆರ್‌ಸಿಸಿಬಿ ಇದೆಯಾ ಕೇಳಿ. ಕರೆಂಟು ಸೋರಿದ ತಕ್ಷಣ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ ಅದು. 30 ಮಿಲಿ ಆಂಪಿಯರ್‌ದು ಇರಬೇಕು. ಎಂಸಿಬಿ ಇದೆಯಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಎಂಸಿಬಿ ಅಂದರೆ ಲೋಡು ಜಾಸ್ತಿಯಾದಾಗ ಬೀಳುವ ಸ್ವಿಚ್. ಅದು ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಅದರ ಮೇಲೆ 'ಟೆಸ್ಟ್' ಅಂತ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದ ತಕ್ಷಣ ಟಪ್ ಅಂತ ಬಿದ್ದು ಕರೆಂಟು ಹೋಗಬೇಕು. ಹೋಗಲಿಲ್ಲ ಅಂದರೆ ಅದನ್ನು ಬದಲಾಯಿಸುವ ತನಕ ರಾಡ್ ಅಂಗಡಿಯಲ್ಲೇ ಇರಲಿ.

ರಾಡ್ ಹಾಕುವ ಜಾಗವೂ ಮುಖ್ಯ. ಶವರಿನಿಂದ ಕಡಿಮೆ ಅಂದರೂ ಎರಡು ಅಡಿ ದೂರ ಇರಲಿ. ನಾವು ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳುವವರು, ನೀರು ಮೂಲೆಮೂಲೆಗೂ ಹಾರುತ್ತದೆ. ಹಾಗಾಗಿ ಬಾಗಿಲ ಪಕ್ಕದ ಒಣ ಗೋಡೆಯೇ ಸರಿ. ಸ್ವಿಚ್ ಹೊರಗಿರಲಿ. ಡಬ್ಬದ ಮೇಲೆ ಐಪಿಎಕ್ಸ್4 ಅಥವಾ ಐಪಿ44 ಅಂತ ಬರೆದಿದೆಯಾ ನೋಡಿ. ಕೊನೆಯ 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಅಂತ. ಹಾಗಂತ ಅದರ ಮೇಲೆ ನೀರು ಸುರಿದು ತೊಳೆಯಬಹುದು ಅಂತಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಎಲ್ಲಕ್ಕಿಂತ ಕೆಳಗಿನ ಬಿಸಿ ಕಂಬಿ ನೆಲದಿಂದ 60 ಸೆಂಟಿಮೀಟರ್ ಮೇಲಿರಬೇಕು.

ಗೋಡೆ ಸಿಮೆಂಟಿನ ಹಾಲೋ ಬ್ಲಾಕ್ ಆಗಿದ್ದರೆ ಮೊದಲೇ ಹೇಳಿಬಿಡಿ. ಒಳಗೆ ಟೊಳ್ಳು, ಸ್ಕ್ರೂ ಕೂರಿಸುವ ಸಾಮಾನ್ಯ ಪ್ಲಗ್ ಹಿಡಿದು ನಿಲ್ಲುವುದಿಲ್ಲ. ನೆಂದ ಟವೆಲ್ ಎರಡು ಬಿದ್ದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಟೊಳ್ಳು ಗೋಡೆಗೆಂದೇ ಬರುವ ಆಂಕರ್ ಹಾಕಿಸಿ. ಗೀಸರ್ ಪೈಪು ಗೋಡೆಯೊಳಗೆ ಎಲ್ಲಿ ಹಾದಿದೆ ಅಂತ ತಿಳಿಯದೆ ಡ್ರಿಲ್ ಹಿಡಿಸಬೇಡಿ.

ಇನ್ನು ಸ್ಟೀಲ್. ಅದರಲ್ಲಿ 304 ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಗ್ರೇಡು. ಬಿ.ಬಿ. ರಸ್ತೆಗೆ ಹೋಗಿ, ಬೆಂಗಳೂರಿಗೇ ಹೋಗಿ, ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸುತ್ತಾರೆ. "ನೋಡಿ ಅಮ್ಮ, ಅಂಟಲ್ಲ, ಪ್ಯೂರ್ 304." ಆ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಅಗ್ಗದ 202 ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪಿಗೆ ಅದು ಬೇಗ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ, ಅದೂ ಬೆಸುಗೆ ಹಾಕಿದ ಕಡೆ ಮೊದಲು. ಕಂಬಿ ಸೇರುವ ಜಾಗದಲ್ಲಿ ಬೆರಳಾಡಿಸಿ ನೋಡಿ, ಒರಟಾಗಿದ್ದರೆ ಬೇಡ ಅನ್ನಿ. ಗ್ರೇಡು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಮೀನಮೇಷ ಎಣಿಸಿದರೆ ಅಲ್ಲೇ ಉತ್ತರ ಸಿಕ್ಕಿತು, ಅಲ್ವಾ?

ಒಳಗೆ ಎರಡು ಥರ ಇರುತ್ತದೆ. ಒಂದರಲ್ಲಿ ಬಿಸಿಯಾಗುವ ತಂತಿ ಮಾತ್ರ. ಬೇಗ ಬಿಸಿಯಾಗುತ್ತದೆ, ಬೇಗ ಆರುತ್ತದೆ. ಇನ್ನೊಂದರಲ್ಲಿ ದ್ರವ ತುಂಬಿರುತ್ತಾರೆ. ಕಾಯಲು ಹೊತ್ತು ಹಿಡಿಯುತ್ತದೆ, ಆದರೆ ಸ್ವಿಚ್ ಆರಿಸಿದ ಮೇಲೂ ಬಿಸಿ ನಿಲ್ಲುತ್ತದೆ. ಬೆಳಿಗ್ಗೆ ಒಂದೆರಡು ಗಂಟೆ ಬಳಸುವ ಮನೆಗೆ ನನ್ನ ಮತ ತಂತಿಯದಕ್ಕೆ. ಸೋರುವ ಭಯವೂ ಇಲ್ಲ.

ಸೋಲಾರ್ ನೀರನ್ನೇ ರಾಡಿನೊಳಗೆ ಹರಿಸಬಹುದಲ್ಲ ಅನ್ನುವವರಿದ್ದಾರೆ. ವಿದೇಶದ ವಿಡಿಯೋ ನೋಡಿ ಹುಟ್ಟುವ ಆಸೆ ಅದು. ಅಲ್ಲಿ ಮನೆ ಪೂರ್ತಿ ಬಿಸಿ ನೀರು ಸುತ್ತಾಡುವ ಪೈಪುಗಳಿರುತ್ತವೆ, ಬಾಯ್ಲರ್, ಪಂಪು ಇರುತ್ತದೆ. ನಮ್ಮ ಸೋಲಾರ್ ನೀರು ನಲ್ಲಿ ತಿರುಗಿಸಿದಾಗ ಮಾತ್ರ ಹರಿಯುತ್ತದೆ. ರಾಡಿನೊಳಗೆ ನಿಂತ ನೀರು ಆರಿ ತಣ್ಣಗಾಗುತ್ತದೆ, ಗಡಸು ನೀರಿನ ಸುಣ್ಣ ಒಳಗೇ ಕಟ್ಟಿಕೊಳ್ಳುತ್ತದೆ. ಬೇಡ. ಅಮೆರಿಕದಿಂದ ಮಗ ತಂದುಕೊಟ್ಟ ರಾಡೂ ಬೇಡ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ನೇರವಾಗಿ ಹಾಕಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಿಸಿಯಾಗಿ ಸುಟ್ಟುಹೋಗುತ್ತದೆ.

ಬಿಲ್ ಬಗ್ಗೆ ಹೆದರುವ ಅಗತ್ಯವಿಲ್ಲ, ಆದರೆ ಮರೆಯಬಾರದು. 80 ವ್ಯಾಟಿನ ರಾಡು ದಿನಕ್ಕೆ ಮೂರು ಗಂಟೆ ಉರಿದರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಅದನ್ನೇ ಹಗಲೂ ರಾತ್ರಿ ಬಿಟ್ಟರೆ 57 ಯೂನಿಟ್ ದಾಟುತ್ತದೆ. ಆದ್ದರಿಂದ ಬಣ್ಣಕ್ಕೆ ಜಾಸ್ತಿ ದುಡ್ಡು ಕೊಡುವ ಬದಲು ಟೈಮರ್ ಇರುವುದನ್ನು ತಗೊಳ್ಳಿ. ನಮ್ಮ ಮನೆಗಳಲ್ಲಿ ಸ್ನಾನ ಮಾಡಿ ಬಂದವರು ಸ್ವಿಚ್ ಆರಿಸುವುದು ಅಷ್ಟರಲ್ಲೇ ಇದೆ.

ಅಗಲ ಎಷ್ಟಿರಬೇಕು ಅಂದರೆ, ನಿಮ್ಮ ಟವೆಲನ್ನೇ ಅಂಗಡಿಗೆ ತಗೊಂಡು ಹೋಗಿ. ಒಂದೇ ಮಡಿಕೆ ಹಾಕಿ ಕಂಬಿ ಮೇಲೆ ಹರಡಿ ನೋಡಿ. ನಾಲ್ಕು ಮಡಿಕೆ ಹಾಕಬೇಕಾದರೆ ಹೊರಗೆ ಬಿಸಿ, ನಡುವೆ ಒದ್ದೆ. ಕಂಬಿಗಳ ನಡುವೆ ಕೈ ಸಲೀಸಾಗಿ ಹೋಗಬೇಕು, ಇಲ್ಲದಿದ್ದರೆ ಟವೆಲ್ ತುರುಕುವುದೇ ಒಂದು ಕೆಲಸ. ನೀರು ತೊಟ್ಟಿಕ್ಕುವ ಬಟ್ಟೆ ಹಾಕಬೇಡಿ, ಹಿಂಡಿ ಹಾಕಿ. ರೇಷ್ಮೆ, ಉಣ್ಣೆ, ಎಲಾಸ್ಟಿಕ್ ಇರುವ ಒಳಬಟ್ಟೆ, ಮಗುವಿನ ರಬ್ಬರ್ ಶೀಟು ಇವೆಲ್ಲ ಅದರ ಹತ್ತಿರ ಬೇಡ. ಟವೆಲಿನ ತೇವ ಮಾಯವಾಗುವುದಿಲ್ಲ, ಗಾಳಿಗೆ ಸೇರುತ್ತದೆ. ವೆಂಟಿಲೇಟರ್ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕದಿದ್ದರೆ ಅದೇ ತೇವ ಸೂರಿನಲ್ಲಿ ಕೂತು ಬೂಷ್ಟು ಹಿಡಿಯುತ್ತದೆ.

ಬಿಳಿ ಕಲೆ ಕೂತರೆ ಸ್ವಿಚ್ ಆರಿಸಿ, ರಾಡ್ ತಣ್ಣಗಾದ ಮೇಲೆ, ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ. ಕೂಡಲೇ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆ ಆಡಿಸಿ. ಟೈಲ್ಸ್ ತೊಳೆಯುವ ಆಸಿಡ್ ಮಾತ್ರ ಸೋಕಿಸಬೇಡಿ, ಹೊಳಪಿನ ಲೇಪ ಕಿತ್ತುಹೋಗುತ್ತದೆ. ಕೆಲಸಕ್ಕೆ ಬರುವವರಿಗೂ ಇದನ್ನು ಮೊದಲ ದಿನವೇ ಹೇಳಿ. ಬೇಸಿಗೆ ಬಂದಾಗ ಸ್ವಿಚ್ ಪೂರ್ತಿ ಆರಿಸಿಬಿಡಿ. ಮತ್ತೆ ಮಳೆಗಾಲಕ್ಕೆ ಹಾಕುವ ಮುಂಚೆ ಆ ಟೆಸ್ಟ್ ಗುಂಡಿ ಒಂದು ಸಲ ಒತ್ತಿ ನೋಡಿ.