ಗ್ಲೋ ಎಂಜಿನ್‌ಗೆ ಕೈಯಿಂದ ಚಾಲನೆ: ಬೆರಳು ಉಳಿಸಿಕೊಳ್ಳುವ ಕ್ರಮ

ಮಾದರಿ ವಿಮಾನದ 6.5 ಸಿಸಿಯ ಗ್ಲೋ ಎಂಜಿನ್ (ಕಾದು ಕೆಂಪಾಗುವ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವ ಎಂಜಿನ್) ಪುಟ್ಟದೆಂದು ಸಲುಗೆ ಬೇಡ. ಅದರ ಪ್ರೊಪೆಲ್ಲರ್ ಬೆರಳಿನ ಮೂಳೆ ಮುರಿಯಬಲ್ಲದು. ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ, ಇಲ್ಲವೇ ಒಬ್ಬರು ಹಿಂದಿನಿಂದ ಹಿಡಿದುಕೊಳ್ಳಲಿ. ಪ್ಲಗ್‌ಗೆ ಬ್ಯಾಟರಿ ಜೋಡಿಸುವ ಮೊದಲೇ ಥ್ರಾಟಲ್ ಪೂರ್ತಿ ತೆರೆದು, ಕಾರ್ಬ್ಯುರೇಟರ್ ಬಾಯಿಗೆ ಬೆರಳೊತ್ತಿ, ಪ್ರೊಪೆಲ್ಲರನ್ನು 2 ಸುತ್ತು ತಿರುಗಿಸಿ. ಕೊಳವೆಯಲ್ಲಿ ಇಂಧನ ಏರುವುದು ಕಾಣುತ್ತದೆ. ಆಮೇಲೆ ಥ್ರಾಟಲನ್ನು ಐಡಲ್‌ಗಿಂತ (ಎಂಜಿನ್ ನಿಧಾನವಾಗಿ ಓಡುವ ಮಟ್ಟ) ತುಸು ಮೇಲಿರುವಷ್ಟಕ್ಕೆ ಇಳಿಸುವುದನ್ನು ಮಾತ್ರ ಮರೆಯಬೇಡಿ. ಪ್ಲಗ್‌ಗೆ 1.5 ವೋಲ್ಟಿನ ಬ್ಯಾಟರಿಯ ಕ್ಲಿಪ್ ಹಾಕಿ, ರಬ್ಬರ್ ಹೊದಿಸಿದ ಕೋಲಿನಿಂದ ಪ್ರೊಪೆಲ್ಲರಿಗೆ ರಪ್ಪನೆ ಹೊಡೆಯಿರಿ. ಬರಿಬೆರಳು ಬೇಡವೇ ಬೇಡ.

ತಿರುಗಿಸುವಾಗ ಗಕ್ಕನೆ ಅಡ್ಡಗಟ್ಟಿತೇ? ಸಿಲಿಂಡರಿನಲ್ಲಿ ಇಂಧನ ತುಂಬಿದೆ. ಬಲ ಹಾಕಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗೀತು. ಕ್ಲಿಪ್ ತೆಗೆದು, ಪ್ಲಗ್ ಬಿಚ್ಚಿ, ವಿಮಾನ ಮಗುಚಿ ಬಸಿಯಿರಿ.

ಎಂಜಿನ್ ಓಡತೊಡಗಿದ ಮೇಲೆ ಕ್ಲಿಪ್ ತೆಗೆಯಲು, ಇಂಧನದ ಹರಿವು ಹೊಂದಿಸುವ ಸೂಜಿ ತಿರುಗಿಸಲು ಹಿಂದಿನಿಂದಲೇ ಕೈ ತನ್ನಿ. ಪ್ರೊಪೆಲ್ಲರಿನ ನೇರ ಪಕ್ಕದಲ್ಲಿ ಯಾರೂ ನಿಲ್ಲಬಾರದು.